ಮಡಿದವರ ಹೆಸರನ್ನು ಕಾದಿಟ್ಟ ಸರ್ ಫೇಬಿಯನ್ ವೇರ್

ಪುಣೆಯ ಖಡಕಿಯಲ್ಲಿ, ದೆಹಲಿಯ ದಂಡುಪ್ರದೇಶದಲ್ಲಿ, ಚೆನ್ನೈಯ ನಂದಂಬಾಕ್ಕಂನಲ್ಲಿ ಒಂದೇ ತೆರನಾದ ಒಂದು ನೋಟವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಕತ್ತರಿಸಿ ಒಪ್ಪಮಾಡಿದ ಹಸುರು ಹುಲ್ಲಿನ ಹಾಸು. ಅದರ ಮೇಲೆ ನೂಲು ಹಿಡಿದು ನಿಲ್ಲಿಸಿದಂತೆ ಸಾಲುಸಾಲಾದ ಸಮಾಧಿಗಲ್ಲುಗಳು. ಕಲ್ಲಿನ ಬುಡದಲ್ಲಿ ಹೂವಿನ ಗಿಡಗಳು. ಎಲ್ಲ ಕಲ್ಲುಗಳ ಅಳತೆಯೂ ಒಂದೇ. ಅಧಿಕಾರಿಗೆ ಹಿರಿದೆಂಬುದಿಲ್ಲ, ಸಾಮಾನ್ಯ ಸಿಪಾಯಿಗೆ ಕಿರಿದೆಂಬುದಿಲ್ಲ. ಕೆಲಸಕ್ಕೆ ಹೊತ್ತಾಯಿತೆಂದು ಅವಸರದಿಂದ ಆ ಹಾದಿಯಲ್ಲಿ ನಡೆದುಹೋಗುವವರು, ಇದು ಯಾವುದೋ ಹಳೆಯ ಬಿಳಿಯರ ಸ್ಮಶಾನವೆಂದು ಮುಂದೆ ಸಾಗುವುದು ಸಹಜ. ಆದರೆ ಲೋಕದ ನೂರೈವತ್ತಕ್ಕೂ ಹೆಚ್ಚು ದೇಶಗಳಲ್ಲಿ ಹರಡಿರುವ ಇಂಥ ಸಮಾಧಿ ಮತ್ತು ಸ್ಮಾರಕಗಳ ಹಿಂದೆ ಒಬ್ಬ ಮನುಷ್ಯನ ಛಲವಿದೆ. ಅವರ ಹೆಸರು ಸರ್ ಫೇಬಿಯನ್ ವೇರ್. ಅವರು ಯುದ್ಧ ಗೆದ್ದ ಸೇನಾಪತಿಗಳಲ್ಲ, ರಾಜ್ಯವಾಳಿದ ಮಂತ್ರಿಗಳೂ ಅಲ್ಲ. ಸತ್ತವರ ಲೆಕ್ಕವನ್ನು ನಿಷ್ಠೆಯಿಂದ ಬರೆದಿಟ್ಟುದೇ ಅವರ ಸಾಧನೆ.

ಹುಟ್ಟಿದವನಿಗೆ ಸಾವು ತಪ್ಪದು. ಆದರೂ ಊರಿನಲ್ಲಿ ಸತ್ತವನಿಗೆ ಹೆಗಲು ಕೊಡಲು ನಾಲ್ವರಿರುತ್ತಾರೆ; ಇಂಥಲ್ಲಿ ಮಣ್ಣು ಮಾಡಿದೆವು, ಇಂಥ ಹೊಳೆಯಲ್ಲಿ ಅಸ್ಥಿ ಬಿಟ್ಟೆವು ಎಂದು ಮಕ್ಕಳಿಗೆ ಹೇಳುವವರಿರುತ್ತಾರೆ. ದೂರದೇಶದ ರಣರಂಗದಲ್ಲಿ ಬಿದ್ದವನಿಗೆ ಆ ಭಾಗ್ಯವಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಪರನಾಡಿನಲ್ಲಿ ಬಾಳುವೆ ನಡೆಸುವ ನಮಗೆ ಈ ಮಾತಿನ ತೂಕವನ್ನು ವಿವರಿಸಿ ಹೇಳಬೇಕಾಗಿಲ್ಲ. ಮಗನ ಕಾಗದ ಎರಡು ತಿಂಗಳು ಬಾರದಿದ್ದರೆ ತಾಯಿ ಪಡುವ ಸಂಕಟವನ್ನು ಬಲ್ಲವರು ನಾವು.

ಕನ್ನಡನಾಡು ಈ ವಿಷಯದಲ್ಲಿ ಹಿಂದಿನಿಂದಲೂ ಎಚ್ಚರವಾಗಿದ್ದ ನಾಡು. ನಮ್ಮ ಹಳ್ಳಿಗಳ ಹೊರವಲಯದಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ ನಿಂತಿರುವ ವೀರಗಲ್ಲುಗಳೇ ಅದಕ್ಕೆ ಸಾಕ್ಷಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಅರಸರಿಗಷ್ಟೇ ಮೀಸಲಾದ ಗೌರವ ಅದಲ್ಲ. ಊರಿನ ದನಗಳನ್ನು ಬಿಡಿಸಲು ಹೋಗಿ ಸತ್ತ ಸಾಮಾನ್ಯನಿಗೂ ಆ ಕಲ್ಲು ದೊರೆಯಿತು. ಬೆಂಗಳೂರು ಎಂಬ ಹೆಸರು ಸಿಕ್ಕಿರುವ ಅತಿ ಹಳೆಯ ದಾಖಲೆಗಳಲ್ಲಿ ಒಂದಾದ ಬೇಗೂರಿನ ಶಾಸನವೂ ಕಾಳಗದಲ್ಲಿ ಮಡಿದವನ ನೆನಪಿಗೆ ನಿಲ್ಲಿಸಿದ ವೀರಗಲ್ಲೇ ಆಗಿದೆ. ಸಾವಿರ ವರ್ಷಗಳ ಹಿಂದೆ ನಮ್ಮ ಹಿರಿಯರು ಒಂದೊಂದು ಊರಿನಲ್ಲಿ ಮಾಡಿದ ಕೆಲಸವನ್ನು, ಲಕ್ಷಾಂತರ ಜನ ಸತ್ತ ಮಹಾಯುದ್ಧದಲ್ಲಿ ಮಾಡಬೇಕಾಗಿ ಬಂದುದು ವೇರ್ ಅವರ ಪಾಲಿಗೆ.

ಬಾಲ್ಯ ಮತ್ತು ಉದ್ಯೋಗ

ಫೇಬಿಯನ್ ವೇರ್ ಅವರು 1869ರ ಜೂನ್ 17ರಂದು ಇಂಗ್ಲಂಡಿನ ಬ್ರಿಸ್ಟಲ್ ಪಟ್ಟಣದ ಕ್ಲಿಫ್ಟನ್ ಎಂಬಲ್ಲಿ ಜನಿಸಿದರು. ಅವರ ಮನೆತನದವರು ಪ್ಲಿಮತ್ ಬ್ರೆದ್ರನ್ ಎಂಬ ಆಚಾರನಿಷ್ಠ ಕ್ರೈಸ್ತಪಂಥಕ್ಕೆ ಸೇರಿದವರು. ಮನೆಯಲ್ಲಿಯೇ ಪಾಠ ಕಲಿತ ಹುಡುಗ ಮುಂದೆ ಲಂಡನ್ ವಿಶ್ವವಿದ್ಯಾಲಯದಲ್ಲಿಯೂ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿ, 1894ರಲ್ಲಿ ಪ್ಯಾರಿಸ್ಸಿನ ಪದವಿಯನ್ನು ಪಡೆದನು. ಆಗ ಕೈವಶವಾದ ಫ್ರೆಂಚ್ ಭಾಷೆ ಇಪ್ಪತ್ತು ವರ್ಷಗಳ ತರುವಾಯ ಎಷ್ಟು ದೊಡ್ಡ ಕೆಲಸಕ್ಕೆ ಒದಗುವುದೆಂದು ಯಾರಿಗೆ ತಾನೇ ತಿಳಿದಿತ್ತು?

ವಿದ್ಯಾಭ್ಯಾಸ ಮುಗಿಸಿದ ವೇರ್ ಅವರು ಬ್ರಾಡ್‌ಫರ್ಡಿನ ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿ ನಾಲ್ಕು ವರ್ಷ ದುಡಿದರು. ಜೊತೆಜೊತೆಗೆ ಮಾರ್ನಿಂಗ್ ಪೋಸ್ಟ್ ಎಂಬ ಪತ್ರಿಕೆಗೆ ಲೇಖನಗಳನ್ನು ಬರೆಯತೊಡಗಿದರು. 1901ರಲ್ಲಿ ದಕ್ಷಿಣ ಆಫ್ರಿಕೆಯ ಟ್ರಾನ್ಸ್‌ವಾಲ್ ಪ್ರಾಂತದ ವಿದ್ಯಾ ಇಲಾಖೆಗೆ ಸೇರಿ, ಎರಡೇ ವರ್ಷಗಳಲ್ಲಿ ಅದರ ನಿರ್ದೇಶಕರಾದರು. ಅಲ್ಲಿನ ಆಡಳಿತಗಾರರಾಗಿದ್ದ ಲಾರ್ಡ್ ಮಿಲ್ನರ್ ಅವರ ವಿಶ್ವಾಸವನ್ನು ಗಳಿಸಿದುದು ಆಗಲೇ. 1905ರಲ್ಲಿ ಸ್ವದೇಶಕ್ಕೆ ಮರಳಿ ಮಾರ್ನಿಂಗ್ ಪೋಸ್ಟಿನ ಸಂಪಾದಕರಾದರು. 1911ರವರೆಗೂ ಆ ಹುದ್ದೆಯಲ್ಲಿದ್ದರು. ಆಮೇಲೆ ರಿಯೊ ಟಿಂಟೊ ಎಂಬ ಗಣಿ ಕಂಪನಿಯ ವಿಶೇಷ ಪ್ರತಿನಿಧಿಯಾಗಿ ಕೆಲಸ ಮಾಡುತ್ತಿದ್ದರು.

ಉಪಾಧ್ಯಾಯ, ಅಧಿಕಾರಿ, ಸಂಪಾದಕ, ಕಂಪನಿಯ ನೌಕರ: ಹೀಗೆ ನಾಲ್ಕು ಕೆಲಸಗಳಲ್ಲಿ ಕೈಯಾಡಿಸಿದ ಮನುಷ್ಯನ ಜೀವನದ ಮುಖ್ಯ ಕಾರ್ಯ ಇನ್ನೂ ಆರಂಭವೇ ಆಗಿರಲಿಲ್ಲ. ಆಗ ಅವರಿಗೆ ವಯಸ್ಸು ನಲವತ್ತೈದು.

ಬೆಥ್ಯೂನಿನ ಶಿಲುಬೆಗಳು

1914ರ ಆಗಸ್ಟಿನಲ್ಲಿ ಮೊದಲನೆಯ ಮಹಾಯುದ್ಧ ಸಿಡಿಯಿತು. ವೇರ್ ಅವರು ಸೈನ್ಯಕ್ಕೆ ಸೇರಲು ಹೋದರು. ವಯಸ್ಸು ಮೀರಿತೆಂದು ಅವರನ್ನು ತಿರಸ್ಕರಿಸಲಾಯಿತು. ಸುಮ್ಮನೆ ಕುಳಿತುಕೊಳ್ಳುವ ಸ್ವಭಾವ ಅವರದಲ್ಲ. ಮಿಲ್ನರ್ ಅವರ ಸಹಾಯದಿಂದ ಬ್ರಿಟಿಷ್ ರೆಡ್ ಕ್ರಾಸ್ ಸಂಸ್ಥೆಯ ಒಂದು ಸಂಚಾರಿ ಆಂಬುಲೆನ್ಸ್ ದಳದ ನಾಯಕತ್ವವನ್ನು ಪಡೆದು, ಸೆಪ್ಟೆಂಬರ್ ತಿಂಗಳಿನಲ್ಲಿ ಫ್ರಾನ್ಸಿಗೆ ಹೊರಟರು. ಗಾಯಗೊಂಡವರನ್ನು ಹುಡುಕಿ ಆಸ್ಪತ್ರೆಗೆ ಸಾಗಿಸುವುದು ಆ ದಳದ ಕೆಲಸವಾಗಿತ್ತು.

ಗಾಯಾಳುಗಳನ್ನು ಹುಡುಕುತ್ತ ಹೋದವರಿಗೆ ದಾರಿಯುದ್ದಕ್ಕೂ ಗೋರಿಗಳು ಕಾಣಿಸತೊಡಗಿದವು. ಹೊಲದ ಬದುವಿನಲ್ಲಿ ಒಂದು, ಚರ್ಚಿನ ಗೋಡೆಯ ಮಗ್ಗುಲಲ್ಲಿ ಎರಡು, ಹಣ್ಣಿನ ತೋಟದಲ್ಲಿ ಹತ್ತು. ಕೆಲವುಗಳ ಮೇಲೆ ಗೆಳೆಯರು ಅವಸರದಲ್ಲಿ ನೆಟ್ಟ ಮರದ ಶಿಲುಬೆ, ಅದರ ಮೇಲೆ ಸೀಸದ ಕಡ್ಡಿಯಿಂದ ಬರೆದ ಹೆಸರು. ಒಂದು ಮಳೆಗಾಲ ಕಳೆದರೆ ಆ ಅಕ್ಷರ ಅಳಿಸುವುದು. ಇನ್ನೊಂದು ಮದ್ದುಗುಂಡು ಬಿದ್ದರೆ ಆ ಶಿಲುಬೆಯೂ ಇಲ್ಲವಾಗುವುದು. ಯಾವ ಗೋರಿ ಯಾರದೆಂದು ಒಂದು ಕಡೆ ಬರೆದಿಡುವ ಏರ್ಪಾಡು ಸೈನ್ಯದಲ್ಲಿ ಇರಲಿಲ್ಲ. ಹಿಂದಿನ ಯುದ್ಧಗಳಲ್ಲಿ ಹೆಸರುಳ್ಳ ಅಧಿಕಾರಿಗಳಿಗೆ ಸ್ಮಾರಕಗಳೆದ್ದಿದ್ದವು. ಸಾಮಾನ್ಯ ಸಿಪಾಯಿಗಳು ದೊಡ್ಡ ಗುಂಡಿಗಳಲ್ಲಿ ಒಟ್ಟಾಗಿ ಮಣ್ಣುಪಾಲಾಗಿದ್ದರು.

1914ರ ಅಕ್ಟೋಬರಿನಲ್ಲಿ ವೇರ್ ಅವರು ಬೆಥ್ಯೂನ್ ಪಟ್ಟಣದ ಸ್ಮಶಾನವನ್ನು ನೋಡಲು ಹೋದರು. ಅವರೊಡನೆ ರೆಡ್ ಕ್ರಾಸಿನ ವೈದ್ಯಾಧಿಕಾರಿಯಾದ ಎಡ್ವರ್ಡ್ ಸ್ಟೂವರ್ಟ್ ಎಂಬವರಿದ್ದರು. ಅಲ್ಲಿನ ಗೋರಿಗಳಿಗೆ ಶಿಲುಬೆಗಳಿದ್ದವು. ಆದರೆ ಎಲ್ಲಿಯೂ ದಾಖಲೆಯಿರಲಿಲ್ಲ. ಬಾಳಿಕೆಯ ಬರಹವನ್ನು ಹಾಕಿಸಲು ಹಣ ಕೊಡಿಸುವುದಾಗಿ ಸ್ಟೂವರ್ಟ್ ಅವರು ಒಪ್ಪಿದರು. ಅಂದಿನಿಂದ ದಳದವರು ಗಾಯಾಳುಗಳ ಜೊತೆಗೆ ಗೋರಿಗಳನ್ನೂ ಹುಡುಕಿ, ಹೆಸರು, ದಳ, ನಂಬರು, ತಾರೀಖು, ಸ್ಥಳ ಇಷ್ಟನ್ನೂ ಪುಸ್ತಕಕ್ಕೆ ಏರಿಸತೊಡಗಿದರು. ಆ ಖಾತೆ ಪುಸ್ತಕವೇ ಮುಂದೆ ಬೆಳೆದ ಮಹಾಸಂಸ್ಥೆಯ ಬೀಜ.

ಕಾರಕೂನಿಕೆಯನ್ನು ಬಣ್ಣವಿಲ್ಲದ ಕೆಲಸವೆಂದು ಹಲವರು ಹಗುರಾಗಿ ನುಡಿಯುವುದುಂಟು. ಒಂದು ಅಂಕೆ ತಪ್ಪಿದರೆ ಒಬ್ಬ ತಾಯಿಗೆ ಬೇರೆಯವರ ಮಗನ ಗೋರಿ ದೊರೆಯುವುದೆಂಬ ಸ್ಥಿತಿಯಲ್ಲಿ, ಕಾರಕೂನನ ಲೇಖನಿಗಿಂತ ಪವಿತ್ರವಾದ ವಸ್ತು ಯಾವುದಿದೆ?

1915ರ ಮಾರ್ಚಿನಲ್ಲಿ ಸೈನ್ಯವು ಈ ಕಾರ್ಯದ ಬೆಲೆಯನ್ನರಿತು ಅದಕ್ಕೆ ಅಧಿಕೃತ ಮನ್ನಣೆ ನೀಡಿತು. ವಯಸ್ಸಾಯಿತೆಂದು ಹೊರಗಟ್ಟಿದ ಸೈನ್ಯವೇ ವೇರ್ ಅವರಿಗೆ ಮೇಜರ್ ಪದವಿಯನ್ನು ಕೊಟ್ಟು ಒಳಗೆ ಕರೆದುಕೊಂಡಿತು. ಅದೇ ವರ್ಷದ ಅಕ್ಟೋಬರಿನೊಳಗೆ 31,000 ಗೋರಿಗಳು ದಾಖಲಾದವು. 1916ರ ಮೇ ತಿಂಗಳಿಗೆ ಈ ಸಂಖ್ಯೆ 50,000ಕ್ಕೆ ಏರಿತು. ಮನೆಮಂದಿಯ ಕಾಗದಗಳು ರಾಶಿರಾಶಿಯಾಗಿ ಬರತೊಡಗಿದಾಗ, ಗೋರಿಯ ಛಾಯಾಚಿತ್ರವನ್ನು ತೆಗೆಸಿ, ಅಲ್ಲಿಗೆ ಹೋಗುವ ದಾರಿಯ ವಿವರವನ್ನು ಸೇರಿಸಿ ಕಳುಹಿಸುವ ಪದ್ಧತಿಯನ್ನೂ ಆರಂಭಿಸಿದರು. ಫ್ರೆಂಚ್ ಸರಕಾರದೊಡನೆ ಅವರದೇ ಭಾಷೆಯಲ್ಲಿ ಮಾತುಕತೆ ನಡೆಸಿ, ಸಮಾಧಿಗಳ ನೆಲವನ್ನು ಶಾಶ್ವತವಾಗಿ ಬಿಟ್ಟುಕೊಡುವ ಕಾನೂನು 1915ರ ಡಿಸೆಂಬರಿನಲ್ಲಿ ಹೊರಬೀಳುವಂತೆ ಮಾಡಿದುದರಲ್ಲಿಯೂ ವೇರ್ ಅವರ ಪಾಲು ದೊಡ್ಡದು.

ಇನ್ನೊಂದು ಸಣ್ಣ ಸಂಗತಿಯನ್ನು ಇಲ್ಲಿ ಹೇಳಬೇಕು. ಆವರೆಗೆ ಬ್ರಿಟಿಷ್ ಸಿಪಾಯಿಯ ಕೊರಳಲ್ಲಿ ಗುರುತಿನ ಬಿಲ್ಲೆ ಒಂದೇ ಇರುತ್ತಿತ್ತು. ಸತ್ತ ಸುದ್ದಿಯನ್ನು ವರದಿಮಾಡಲು ಅದನ್ನು ಬಿಚ್ಚಿಕೊಂಡು ಹೋದರೆ, ಉಳಿದ ದೇಹಕ್ಕೆ ಹೆಸರೇ ಇಲ್ಲದಂತಾಗುತ್ತಿತ್ತು. 1916ರ ಸೆಪ್ಟೆಂಬರಿನಿಂದ ಎರಡು ಬಿಲ್ಲೆಗಳ ಪದ್ಧತಿ ಬಂದಿತು. ಕೆಂಪು ಬಿಲ್ಲೆ ಕಚೇರಿಗೆ, ಹಸುರು ಬಿಲ್ಲೆ ದೇಹದೊಡನೆ ಮಣ್ಣಿಗೆ. ಇಷ್ಟು ಸರಳವಾದ ಉಪಾಯ ಹೊಳೆಯುವ ಮುನ್ನ ಎಷ್ಟು ಸಾವಿರ ಜನ ಅನಾಮಧೇಯರಾಗಿ ಹೋದರೋ!

ಬಡವ ಬಲ್ಲಿದರೆಂಬ ಭೇದ

1915ರ ಏಪ್ರಿಲಿನಲ್ಲಿ ಒಂದು ಘಟನೆ ನಡೆಯಿತು. ಇಂಗ್ಲಂಡಿನ ಪ್ರಧಾನಿಯಾಗಿದ್ದ ಗ್ಲಾಡ್‌ಸ್ಟನ್ ಅವರ ಮೊಮ್ಮಗ, ಸ್ವತಃ ಪಾರ್ಲಿಮೆಂಟಿನ ಸದಸ್ಯನಾಗಿದ್ದ ತರುಣನೊಬ್ಬ ರಣರಂಗದಲ್ಲಿ ಮಡಿದನು. ಮನೆತನದ ಪ್ರಭಾವದಿಂದ ಅವನ ದೇಹವನ್ನು ಮೇಲೆತ್ತಿಸಿ ಸ್ವದೇಶಕ್ಕೆ ಒಯ್ದು ಸಂಸ್ಕಾರ ಮಾಡಲಾಯಿತು. ಅವನ ದಳದ ಗಣಿ ಕಾರ್ಮಿಕನ ಮಗನಿಗೂ ನೇಕಾರನ ಮಗನಿಗೂ ಆ ಅನುಕೂಲವುಂಟೇ? ಹಣವುಳ್ಳವರ ಮಕ್ಕಳು ಊರಿಗೆ, ಇಲ್ಲದವರ ಮಕ್ಕಳು ಪರದೇಶದ ಕೆಸರಿಗೆ ಎಂಬ ಭೇದವನ್ನು ವೇರ್ ಅವರು ಸಹಿಸಲಿಲ್ಲ. ದೇಹಗಳನ್ನು ಮೇಲೆತ್ತಿ ಸಾಗಿಸುವುದನ್ನು ನಿಷೇಧಿಸುವ ಆಜ್ಞೆಯನ್ನು ಅವರು ಬಲವಾಗಿ ಜಾರಿಗೆ ತರಿಸಿದರು. ಜೊತೆಯಾಗಿ ಹೋರಾಡಿದವರು ಜೊತೆಯಾಗಿಯೇ ಮಲಗಿರಲಿ ಎಂಬುದು ಅವರ ನಿಲುವು.

1917ರ ಮೇ 21ರಂದು ರಾಜಸನದಿನ ಮೂಲಕ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್, ಅಂದರೆ ಸಾಮ್ರಾಜ್ಯದ ಯುದ್ಧಸಮಾಧಿ ಆಯೋಗವು ಅಸ್ತಿತ್ವಕ್ಕೆ ಬಂದಿತು. ಯುವರಾಜರು ಅಧ್ಯಕ್ಷರು, ವೇರ್ ಅವರು ಉಪಾಧ್ಯಕ್ಷರು. ಹೆಸರಿಗೆ ಉಪಾಧ್ಯಕ್ಷರಾದರೂ ಭಾರವನ್ನೆಲ್ಲ ಹೊತ್ತವರು ಅವರೇ. ಯುದ್ಧ ಮುಗಿದಾಗ ಆಯೋಗದ ಮುಂದಿದ್ದ ಲೆಕ್ಕ ಎದೆ ನಡುಗಿಸುವಂಥದು: 5,87,000 ಗುರುತಿಸಿದ ಗೋರಿಗಳು; ಗೋರಿಯೇ ತಿಳಿಯದವರು 5,59,000. ರಣಭೂಮಿಯನ್ನು ಚೌಕಗಳಾಗಿ ವಿಂಗಡಿಸಿ ಮತ್ತೆ ಮತ್ತೆ ಶೋಧಿಸಲಾಯಿತು. 1921ರ ವೇಳೆಗೆ ಎರಡು ಲಕ್ಷಕ್ಕೂ ಮೇಲ್ಪಟ್ಟು ದೇಹಗಳನ್ನು ಹುಡುಕಿ ಸಮಾಧಿಸ್ಥಾನಗಳಿಗೆ ಸೇರಿಸಿದರು.

ಆಯೋಗವು ಬ್ರಿಟಿಷ್ ಮ್ಯೂಸಿಯಂನ ಮುಖ್ಯಸ್ಥರಾದ ಸರ್ ಫ್ರೆಡರಿಕ್ ಕೆನ್ಯನ್ ಅವರ ಸಲಹೆಯಂತೆ ಕೆಲವು ನಿಯಮಗಳನ್ನು ಸ್ಥಿರಪಡಿಸಿತು. ಪ್ರತಿಯೊಬ್ಬನ ಹೆಸರನ್ನೂ ಗೋರಿಯ ಮೇಲೆ, ಗೋರಿಯಿಲ್ಲದಿದ್ದರೆ ಸ್ಮಾರಕದ ಮೇಲೆ ಕೆತ್ತಬೇಕು. ಕಲ್ಲುಗಳೆಲ್ಲ ಒಂದೇ ಆಕಾರದಲ್ಲಿರಬೇಕು. ದರ್ಜೆ, ಜಾತಿ, ಮತಗಳೆಂಬ ಭೇದ ಕೂಡದು. ಸ್ಮಾರಕಗಳು ಶಾಶ್ವತವಾಗಿರಬೇಕು. ಕಲ್ಲಿನ ಎತ್ತರ ಎರಡು ಅಡಿ ಎಂಟು ಅಂಗುಲ, ಅಗಲ ಒಂದು ಅಡಿ ಮೂರು ಅಂಗುಲ ಎಂದು ಗೊತ್ತುಮಾಡಿದರು. ಹೊಸದಿಲ್ಲಿಯನ್ನು ಕಟ್ಟಿದ ಲಟ್ಯೆನ್ಸ್ ಮತ್ತು ಬೇಕರ್ ಎಂಬ ಶಿಲ್ಪಿಗಳೇ ಈ ಸಮಾಧಿಸ್ಥಾನಗಳ ವಿನ್ಯಾಸದಲ್ಲಿಯೂ ಪ್ರಮುಖರಾಗಿದ್ದರು.

ಈ ಸಮಾನತೆ ಎಲ್ಲರಿಗೂ ಪಥ್ಯವಾಗಲಿಲ್ಲ. ತಮ್ಮ ಮಕ್ಕಳ ಗೋರಿಯ ಮೇಲೆ ತಮಗೆ ಬೇಕಾದ ಶಿಲುಬೆಯನ್ನಿಡುವ ಹಕ್ಕು ಬೇಕೆಂದು ಸಾವಿರಾರು ತಾಯಂದಿರೂ ಪತ್ನಿಯರೂ ಸಹಿ ಹಾಕಿದ ಮನವಿ 1919ರಲ್ಲಿ ಯುವರಾಜರಿಗೆ ಹೋಯಿತು. ಅವರ ದುಃಖ ಸುಳ್ಳಾಗಿರಲಿಲ್ಲ. ಸತ್ತವನು ಸರಕಾರದ ಸೊತ್ತೋ, ಮನೆಯವರ ಮಗನೋ ಎಂಬ ಅವರ ಪ್ರಶ್ನೆಯಲ್ಲಿಯೂ ನ್ಯಾಯವಿತ್ತು. 1920ರ ಮೇ 4ರಂದು ಪಾರ್ಲಿಮೆಂಟಿನಲ್ಲಿ ಬಿಸಿಯಾದ ಚರ್ಚೆ ನಡೆದು, ಕೊನೆಗೆ ಆಯೋಗದ ನಿಲುವೇ ನಿಂತಿತು. ಕಲ್ಲಿನ ಬುಡದಲ್ಲಿ ಮನೆಯವರ ಇಚ್ಛೆಯ ಕೆಲವು ಶಬ್ದಗಳನ್ನು ಕೆತ್ತಿಸಲು ಮಾತ್ರ ಅವಕಾಶ ದೊರೆಯಿತು.

ಆಯೋಗಕ್ಕೆ ಸಾಹಿತ್ಯದ ಸಲಹೆಗಾರರಾಗಿದ್ದವರು ಮುಂಬಯಿಯಲ್ಲಿ ಹುಟ್ಟಿದ ಕವಿ ರಡ್ಯಾರ್ಡ್ ಕಿಪ್ಲಿಂಗ್. ಅವರ ಒಬ್ಬನೇ ಮಗ, ಹದಿನೆಂಟರ ತರುಣ, 1915ರ ಸೆಪ್ಟೆಂಬರಿನಲ್ಲಿ ಲೂಸ್ ಎಂಬಲ್ಲಿ ನಡೆದ ಕದನದಲ್ಲಿ ಕಾಣೆಯಾಗಿದ್ದನು. ಸ್ಮಾರಕಗಳ ಮೇಲೆ ಕೆತ್ತಬೇಕಾದ ಮಾತುಗಳನ್ನು ಪರರಿಗಾಗಿ ಬರೆದುಕೊಟ್ಟ ಆ ತಂದೆ ತನ್ನ ಮಗನ ಗೋರಿಯನ್ನು ಮಾತ್ರ ಕಾಣದೆ 1936ರಲ್ಲಿ ತೀರಿಕೊಂಡರು. 1992ರಲ್ಲಿ, ಅಂದರೆ ಮಗ ಸತ್ತ 77 ವರ್ಷಗಳಿಗೆ, ಹೆಸರಿಲ್ಲದಿದ್ದ ಒಂದು ಗೋರಿ ಅವನದೆಂದು ಆಯೋಗವು ನಿರ್ಣಯಿಸಿತು. ಐಶ್ವರ್ಯವೂ ಕೀರ್ತಿಯೂ ಇದ್ದವರ ಪಾಡೇ ಹೀಗಾದರೆ ಹಳ್ಳಿಯ ಬಡವರ ಗತಿಯೇನು?

ಭಾರತದ ಸಿಪಾಯಿ

ಆ ಮಹಾಯುದ್ಧದಲ್ಲಿ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೊರದೇಶಗಳಿಗೆ ಹೋದರು. ಸುಮಾರು 74,000 ಜನ ಮರಳಿ ಬರಲಿಲ್ಲ. 1914ರ ಸೆಪ್ಟೆಂಬರಿನಲ್ಲಿ ಮಾರ್ಸೆಲ್ಸ್ ಬಂದರಿನಲ್ಲಿ ಇಳಿದ ನಮ್ಮ ಸಿಪಾಯಿಗಳು, ವೇರ್ ಅವರು ಗೋರಿ ಹುಡುಕುತ್ತಿದ್ದ ಬೆಥ್ಯೂನಿನ ಸುತ್ತಮುತ್ತಲೇ ಚಳಿಯಲ್ಲಿ ಹೋರಾಡಿದರು. ಫ್ರಾನ್ಸಿನ ನವ್ ಶಪೆಲ್ ಎಂಬ ಹಳ್ಳಿಯಲ್ಲಿ ಬೇಕರ್ ಅವರು ರಚಿಸಿದ ಸ್ಮಾರಕವು 1927ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಅಶೋಕನ ಕಂಬವನ್ನು ನೆನಪಿಗೆ ತರುವ, ಕಮಲವನ್ನು ಹೊತ್ತ ಎತ್ತರದ ಸ್ತಂಭ, ಇಕ್ಕೆಲಗಳಲ್ಲಿ ಎರಡು ಹುಲಿಗಳು, ಸಾಂಚಿಯ ಕಟಾಂಜನದಂಥ ಕಲ್ಲಿನ ಆವರಣ. ಅಲ್ಲಿ ಗೋರಿಯಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಇಂಗ್ಲಂಡಿನ ಆಸ್ಪತ್ರೆಯಲ್ಲಿ ಸತ್ತ 53 ಮಂದಿ ಹಿಂದೂ ಮತ್ತು ಸಿಖ್ ಸಿಪಾಯಿಗಳನ್ನು ಬ್ರೈಟನ್ ಪಟ್ಟಣದ ಮೇಲಿನ ಗುಡ್ಡದಲ್ಲಿ ದಹಿಸಿದ ಸ್ಥಳದಲ್ಲಿ 1921ರಲ್ಲಿ ಛತ್ರಿಯೊಂದು ಎದ್ದಿತು. ಅದೇ ವರ್ಷ ದೆಹಲಿಯ ಇಂಡಿಯಾ ಗೇಟಿಗೆ ಅಡಿಗಲ್ಲು ಬಿತ್ತು. 1931ರಲ್ಲಿ ಅದು ಪೂರ್ತಿಯಾಯಿತು. ಅದರ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ.

ಕನ್ನಡನಾಡಿನ ಪಾಲೂ ಇದರಲ್ಲಿದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಭರ್ಜಿಸವಾರರು ಕುದುರೆಗಳ ಮೇಲೆಯೇ ನುಗ್ಗಿ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದರು. ಅವರ ದಳಸಮೂಹದ ಮೂರನೆಯ ಅಂಗ ಹೈದರಾಬಾದಿನ ಸವಾರರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಕಂಚಿನ ಯೋಧರು ಈ ಮೂರು ಸಂಸ್ಥಾನಗಳವರು. ಆ ಚೌಕವನ್ನು ಹಾಯುವ ಕನ್ನಡಿಗರು ಅವರಲ್ಲೊಬ್ಬ ನಮ್ಮ ನಾಡಿನವನೆಂಬುದನ್ನು ನೆನೆಯಬೇಕು.

ಆದರೆ ಸತ್ಯವನ್ನು ಮುಚ್ಚಿಟ್ಟು ಚರಿತ್ರೆ ಬರೆಯಲಾಗದು. ಎಲ್ಲರೂ ಸಮಾನರೆಂದು ಸಾರಿದ ಆಯೋಗ ಎಲ್ಲ ಕಡೆಯಲ್ಲಿಯೂ ತನ್ನ ಮಾತನ್ನು ನಡೆಸಲಿಲ್ಲ. ಇರಾಕಿನ ಬಸ್ರಾದಲ್ಲಿ 1929ರಲ್ಲಿ ಎದ್ದ ಸ್ಮಾರಕದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನರ ಸ್ಮರಣೆಯಿದೆ. ಅಲ್ಲಿ ಬಿಳಿಯ ಸಿಪಾಯಿಗೆ ಹೆಸರು, ಭಾರತೀಯ ಅಧಿಕಾರಿಗೆ ಹೆಸರು. ಭಾರತೀಯ ಸಾಮಾನ್ಯ ಸಿಪಾಯಿಗೆ ಮಾತ್ರ ದಳದ ಕೆಳಗೆ ಬರಿಯ ಸಂಖ್ಯೆ. ಪೂರ್ವ ಆಫ್ರಿಕೆಯಲ್ಲಿ ಹೊರೆ ಹೊತ್ತು ಸತ್ತ ಸಾವಿರಾರು ಕೂಲಿಗಳಿಗೂ ಅಲ್ಲಿನ ಸಿಪಾಯಿಗಳಿಗೂ ದೊರೆತುದು ಹೆಸರುಗಳಿಲ್ಲದ ಕಂಚಿನ ಪ್ರತಿಮೆಗಳು. ಇವೆಲ್ಲ ವೇರ್ ಅವರು ಉಪಾಧ್ಯಕ್ಷರಾಗಿದ್ದ ಕಾಲದಲ್ಲಿಯೇ ನಡೆದುವು. ಇಂಗ್ಲಂಡಿನ ಶ್ರೀಮಂತರೆದುರು ಎದೆಯೊಡ್ಡಿ ನಿಂತ ಸಮಾನತೆ, ಸಾಮ್ರಾಜ್ಯದ ಅಂಚಿನಲ್ಲಿ ಬಣ್ಣವನ್ನು ನೋಡಿ ತಲೆತಗ್ಗಿಸಿತು. ಅವರ ಬಾಳಿನ ಹಿರಿಮೆಯನ್ನು ಹೇಳುವವರು ಈ ಕುಂದನ್ನೂ ಹೇಳಬೇಕು.

2021ರ ಏಪ್ರಿಲಿನಲ್ಲಿ ಆಯೋಗವೇ ನೇಮಿಸಿದ ಸಮಿತಿಯೊಂದು ಈ ಲೆಕ್ಕವನ್ನು ಬಯಲಿಗೆ ತಂದಿತು. 45,000ದಿಂದ 54,000 ಜನರಿಗೆ ಸಮಾನ ಗೌರವ ದೊರೆತಿಲ್ಲ. ಇನ್ನೂ 1,16,000 ಜನರಿಗಾದರೂ, ಪ್ರಾಯಶಃ 3,50,000 ಜನರವರೆಗೆ, ಹೆಸರಿನ ಸ್ಮರಣೆಯೇ ಇಲ್ಲ, ಅಥವಾ ಯಾವ ಸ್ಮರಣೆಯೂ ಇಲ್ಲ. ಆಯೋಗವೂ ಬ್ರಿಟಿಷ್ ಸರಕಾರವೂ ಕ್ಷಮೆ ಬೇಡಿದುವು. ತರುವಾಯ 2025ರ ಜನವರಿಯಲ್ಲಿ ದಕ್ಷಿಣ ಆಫ್ರಿಕೆಯ ಕೇಪ್‌ಟೌನಿನಲ್ಲಿ, ನೂರು ವರ್ಷ ಮರೆವಿಗೆ ಸಂದಿದ್ದ 1,700ಕ್ಕೂ ಹೆಚ್ಚು ಕರಿಯ ಕಾರ್ಮಿಕ ದಳದವರ ಹೆಸರುಗಳನ್ನು ಮರದ ಕಂಬಗಳ ಮೇಲೆ ಒಬ್ಬೊಬ್ಬರಿಗೊಂದರಂತೆ ಕೆತ್ತಿ ನಿಲ್ಲಿಸಲಾಯಿತು. ತಡವಾಯಿತು, ನಿಜ; ಆದರೆ ಆಗಲೇ ಇಲ್ಲವೆಂಬುದಕ್ಕಿಂತ ಲೇಸು.

ಕೊನೆಯ ದಿನಗಳು

ವೇರ್ ಅವರ ಉಳಿದ ಆಯುಷ್ಯವೆಲ್ಲ ಈ ಒಂದೇ ಕಾರ್ಯಕ್ಕೆ ಮೀಸಲಾಯಿತು. ಬೆಲ್ಜಿಯಮಿನ ಮೆನಿನ್ ಗೇಟ್ 1927ರಲ್ಲಿ ಸುಮಾರು 54,000 ಹೆಸರುಗಳೊಡನೆ, ಫ್ರಾನ್ಸಿನ ತಿಯೆಪ್ವಾಲ್ ಸ್ಮಾರಕವು 1932ರಲ್ಲಿ 72,000ಕ್ಕೂ ಹೆಚ್ಚು ಹೆಸರುಗಳೊಡನೆ ಎದ್ದು ನಿಂತವು. ಇಪ್ಪತ್ತು ವರ್ಷಗಳ ಈ ಕಾರ್ಯದ ವೃತ್ತಾಂತವನ್ನು ಅವರು 1937ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಎರಡೇ ವರ್ಷಗಳಲ್ಲಿ ಇನ್ನೊಂದು ಮಹಾಯುದ್ಧ ಬಂದಿತು. ಎಪ್ಪತ್ತು ತುಂಬಿದ ಮುದುಕರು ಮತ್ತೆ ಸೈನ್ಯದ ಸಮಾಧಿ ಇಲಾಖೆಯ ಮುಖ್ಯಸ್ಥರಾಗಿ ಅದೇ ಖಾತೆ ಪುಸ್ತಕವನ್ನು ತೆರೆದರು. ಆ ಸಲ ಬಾಂಬುಗಳು ಮನೆಗಳ ಮೇಲೆಯೇ ಬಿದ್ದುವು. ಸತ್ತ ನಾಗರಿಕರ ಹೆಸರುಗಳನ್ನೂ ಬರೆದಿಡಬೇಕೆಂದು ಹಟ ಹಿಡಿದು ಅದಕ್ಕೂ ಒಪ್ಪಿಗೆ ಪಡೆದರು. ಸುಮಾರು 67,000 ನಾಗರಿಕರ ಹೆಸರುಗಳುಳ್ಳ ಆ ಪುಸ್ತಕಗಳು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿವೆ.

1948ರಲ್ಲಿ ಅವರು ನಿವೃತ್ತರಾದರು. ಮರುವರ್ಷ, 1949ರ ಏಪ್ರಿಲ್ 28ರಂದು, ಎಂಬತ್ತಕ್ಕೆ ಕೆಲವೇ ವಾರಗಳಿರುವಾಗ ಕಾಲವಾದರು. ಗ್ಲೌಸ್ಟರ್ ಪ್ರಾಂತದ ಆಂಬರ್ಲಿ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಅವರ ಗೋರಿಯಿದೆ. ನೈಟ್ ಪದವಿಯನ್ನೂ ಮೇಜರ್ ಜನರಲ್ ದರ್ಜೆಯನ್ನೂ ಪಡೆದ ಆ ಮಹನೀಯರ ತಲೆಯ ಬಳಿ ನಿಂತಿರುವುದು, ಅವರು ಸಿಪಾಯಿಗಳಿಗಾಗಿ ಗೊತ್ತುಮಾಡಿದ ಮಾದರಿಯ ಕಲ್ಲೇ. ಆಯೋಗದ ಹೆಸರು 1960ರಲ್ಲಿ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವೆಂದು ಬದಲಾಯಿತು. ಕೆಲಸ ಮಾತ್ರ ಇಂದಿಗೂ ನಡೆದಿದೆ. ಎರಡು ಮಹಾಯುದ್ಧಗಳ ಸುಮಾರು 17 ಲಕ್ಷ ಮೃತರ ಹೆಸರುಗಳು ಅದರ ದಾಖಲೆಯಲ್ಲಿವೆ.

ನಮ್ಮ ಮನೆಯ ಹಿರಿಯರು

ವಾಚಕರಲ್ಲಿ ಯಾರದಾದರೂ ಮನೆಯಲ್ಲಿ, ಮುತ್ತಜ್ಜನೊಬ್ಬ ದಂಡಿಗೆ ಹೋದವನು ಬರಲೇ ಇಲ್ಲ ಎಂಬ ಮಾತು ಉಳಿದಿರಬಹುದು. ಅಂಥವರು ನಿರಾಶರಾಗಬೇಕಾಗಿಲ್ಲ. ಊರಿಗೆ ಹೋದಾಗ ಹಳೆಯ ಪೆಟ್ಟಿಗೆಯನ್ನು ತೆರೆದು ನೋಡಬೇಕು. ಬೆಳ್ಳಿಯ ಯುದ್ಧಪದಕವಿದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿಯಬೇಕು. ನಂಬರು, ಹೆಸರು, ದಳ ಅಲ್ಲಿ ಕೊರೆದಿರುತ್ತವೆ. ಅಂಗೈಗಿಂತ ದೊಡ್ಡದಾದ ಕಂಚಿನ ದುಂಡು ಫಲಕವಿದ್ದರೆ ಅದು ಮೊದಲನೆಯ ಯುದ್ಧದಲ್ಲಿ ಸತ್ತವನ ಮನೆಗೆ ಕಳುಹಿಸಿದುದು. ಅದರಲ್ಲಿ ದರ್ಜೆಯಿಲ್ಲದೆ ಹೆಸರೊಂದೇ ಇರುತ್ತದೆ. ಪಿಂಚಣಿಯ ಕಾಗದ, ಮನಿಯಾರ್ಡರಿನ ತುಂಡು, ಯಾವುದೂ ಕಸವಲ್ಲ. ಹೆಸರು, ತಂದೆಯ ಹೆಸರು, ಊರು, ದಳ, ನಂಬರು, ಸತ್ತ ವರ್ಷ ಇವುಗಳಲ್ಲಿ ಎರಡು ಮೂರು ದೊರೆತರೂ ಆಯೋಗದ ಪಟ್ಟಿಯಲ್ಲಿ ಹುಡುಕಬಹುದು. ಅದನ್ನು ಇಂದು ಮೊಬೈಲಿನಲ್ಲಿಯೇ ಹಣವಿಲ್ಲದೆ ನೋಡಲು ಬರುತ್ತದೆ. ಇಂಗ್ಲಿಷಿನ ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದಿರುವುದರಿಂದ, ಒಂದೇ ಹೆಸರನ್ನು ನಾಲ್ಕು ಬಗೆಯ ಕಾಗುಣಿತದಲ್ಲಿ ಹುಡುಕುವ ತಾಳ್ಮೆ ಮಾತ್ರ ಬೇಕು. ಬಸ್ರಾದ ಕಲ್ಲಿನ ಮೇಲಿಲ್ಲದ ಹೆಸರುಗಳೂ ಆ ಪಟ್ಟಿಯಲ್ಲಿ ಸಿಗುತ್ತವೆ.

ಸಮುದ್ರದಲ್ಲಿ ಸತ್ತ ನಾವಿಕರ ನೆನಪು ಮುಂಬಯಿಯ ಮಸ್ಜಿದ್ ಬಂದರಿನ ನಾವಿಕರ ವಸತಿಗೃಹದಲ್ಲಿದೆ. ಅಲ್ಲಿ ಮೊದಲನೆಯ ಯುದ್ಧದ ಎರಡು ಸಾವಿರಕ್ಕೂ ಹೆಚ್ಚು ಜನರ ಸ್ಮಾರಕವಿದೆ. ಎರಡನೆಯ ಯುದ್ಧದ ಸುಮಾರು 6,500 ಜನರ ಹೆಸರುಗಳು ಪುಸ್ತಕರೂಪದಲ್ಲಿವೆ. ಖಡಕಿಯಲ್ಲಿ 1,600ಕ್ಕೂ ಹೆಚ್ಚು, ದೆಹಲಿಯಲ್ಲಿ ಸಾವಿರಕ್ಕೂ ಹೆಚ್ಚು, ನಂದಂಬಾಕ್ಕಂನಲ್ಲಿ 850ಕ್ಕೂ ಹೆಚ್ಚು ಜನ ಎರಡನೆಯ ಯುದ್ಧದವರು ಮಲಗಿದ್ದಾರೆ. ಅವರಲ್ಲಿ ಬಹುಮಂದಿ ಸಾವಿರಾರು ಮೈಲು ದೂರದ ತಾಯಂದಿರ ಮಕ್ಕಳು. ನಮ್ಮ ಮುತ್ತಜ್ಜಂದಿರ ಕಲ್ಲನ್ನು ಫ್ರಾನ್ಸಿನ ಮಾಲಿಯೊಬ್ಬ ಒರೆಸುತ್ತಿರುವಂತೆಯೇ, ಅವರ ಕಲ್ಲುಗಳನ್ನು ಇಲ್ಲಿಯ ಮಾಲಿ ತೊಳೆದು ಹೂಗಿಡಗಳಿಗೆ ನೀರೆರೆಯುತ್ತಾನೆ.

ಮುಂದಿನ ರಜೆಯ ದಿನ ಆ ಕಡೆಗೆ ಹೋಗುವ ಸಂದರ್ಭ ಬಂದರೆ ಅರ್ಧ ಗಳಿಗೆ ಒಳಗೆ ಹೋಗಿ ನಿಲ್ಲಬಹುದು. ಯಾವುದಾದರೊಂದು ಕಲ್ಲಿನ ಮುಂದೆ ಬಾಗಿ, ಅದರ ಮೇಲಿನ ಹೆಸರನ್ನು ಬಾಯಿಬಿಟ್ಟು ಓದಬಹುದು. ಅಷ್ಟಾಗಲೆಂದೇ ವೇರ್ ಅವರು ಮೂವತ್ತನಾಲ್ಕು ವರ್ಷ ದುಡಿದರು.